ಕ್ಲಚ್ಚಿನೊಳಗಿನ ಗುಳ್ಳೆ

ಮಿಕ್ಸಿ ಕೆಟ್ಟರೆ ನಮ್ಮನ್ನೇ ಕೇಳುವ ರಿಪೇರಿಯವರು, ಕಾರು ಕೆಟ್ಟರೆ ಮಾತ್ರ ಯಜಮಾನರ ಮುಖ ನೋಡುತ್ತಾರೆ; ಓಡಿಸುವವಳು ನಾನೇ ಆದರೂ! “ಕ್ಲಚ್ ಪ್ಲೇಟ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು” ಎಂದಿದ್ದ ಒಬ್ಬ ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ಪೆಡಲ್ ಒಮ್ಮೆ ತುಳಿದರೆ ನೆಲಕ್ಕಂಟುತ್ತಿತ್ತು. ನಾಲ್ಕೈದು ಸಲ ತುಳಿದರೆ ಗಟ್ಟಿಯಾಗಿ ಗೇರು ಸಲೀಸಾಗಿ ಬೀಳುತ್ತಿತ್ತು. ಸವೆದ ಪ್ಲೇಟು ತುಳಿದಷ್ಟಕ್ಕೆ ಗುಣವಾದೀತೆ?

ಇಂಥ ಕ್ಲಚ್ಚಿನಲ್ಲಿ ಕೇಬಲ್ ಇಲ್ಲ. ಕಾಲಿನ ಬಲವನ್ನು ಒಯ್ಯುವುದು ಬ್ರೇಕ್ ಆಯಿಲ್. ಅದನ್ನು ಒತ್ತಿದರೆ ಕುಗ್ಗದು. ಗಾಳಿ ಸೇರಿದರೆ ಗಾಳಿ ಕುಗ್ಗುತ್ತದೆ. ಬಾನೆಟ್ ಎತ್ತಿಸಿದೆ. ಡಬ್ಬಿ ತಳ ಕಂಡಿತ್ತು, ಕೆಳಗಿನ ಸ್ಲೇವ್ ಸಿಲಿಂಡರ್ ಒದ್ದೆಯಾಗಿತ್ತು. ಅದನ್ನು ಬದಲಿಸಿ, ನಾನು ಪೆಡಲ್ ತುಳಿದು ಹಿಡಿದಾಗಲೆಲ್ಲ ಅವನು ನಿಪ್ಪಲ್ ಸಡಿಲಿಸಿ ಬಿಗಿದ, ಗುಳ್ಳೆ ನಿಲ್ಲುವವರೆಗೆ. ಪ್ಲೇಟಿನ ಮಾತು ಮತ್ತೆ ಬರಲಿಲ್ಲ.

ಒಗ್ಗರಣೆಯ ಎಣ್ಣೆಯಂತೆ ಇದು ದಿನವೂ ಖರ್ಚಾಗುವುದಲ್ಲ. ಕಡಿಮೆಯಾದರೆ, ಸುರಿಯುವ ಮೊದಲು ಸೋರುವ ಜಾಗ ಹುಡುಕಿಸಿ.