ಚಾರ್ಮಾಡಿ ಘಾಟಿಯಲ್ಲಿ ಹೊಗೆಯ ಬಣ್ಣ

ಉಜಿರೆ ದಾಟಿ ಚಾರ್ಮಾಡಿ ಊರು ಕಳೆಯಿತೆಂದರೆ ರಸ್ತೆ ಬೆಟ್ಟಕ್ಕೆ ಮುಖ ಮಾಡುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮಳೆಗಾಲದಲ್ಲಿ ತಿರುವಿಗೊಂದು ಜಲಪಾತ. 2019ರ ಆಗಸ್ಟ್ ಮಳೆಗೆ ಅಲ್ಲಲ್ಲಿ ಗುಡ್ಡ ಕುಸಿದು ಈ ದಾರಿಯೇ ಮುಚ್ಚಿಹೋಗಿತ್ತು. ಇಂದಿನ ಕಾರುಗಳು ಈ ಏರನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಕಾರ್ಬೊರೇಟರ್ ಇರುವ ಹಳೆಯ ಕಾರಿಗೆ ಚಾರ್ಮಾಡಿ ಎಂದರೆ ಪರೀಕ್ಷಾ ಕೊಠಡಿ.

ನಮ್ಮ ಭಾವನ ಬಳಿ ಅವರ ತಂದೆಯ ಕಾಲದ ಪೆಟ್ರೋಲ್ ಅಂಬಾಸಿಡರ್ ಇದೆ, 1489 ಸಿಸಿ ಎಂಜಿನ್ನಿನದು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತುಹೋಯಿತು. ಭಾವನ ಮಟ್ಟಿಗೆ ಅದು ಕಾರಲ್ಲ, ಮನೆಯ ಸದಸ್ಯ. ಅದು ಹೊಗೆ ಬಿಡತೊಡಗಿದಾಗ ಒಂದು ವರ್ಕ್‌ಶಾಪ್‌ನವರು ಪೈಪಿನ ಬಾಯಿ ನೋಡಿದ್ದೇ "ರಿಂಗ್ ಹೋಗಿದೆ, ಎಂಜಿನ್ ಇಳಿಸಿ ರೀಬೋರ್ ಮಾಡಬೇಕು" ಎಂದುಬಿಟ್ಟರು. ಖರ್ಚು ಕೇಳಿದ ಅಕ್ಕ "ಗುಜರಿಗೆ ಕೊಟ್ಟುಬಿಡಿ" ಎಂದರು. ಆಗ ನೆನಪಾದವರು ನಮ್ಮೂರಿನ ಹಳೆಯ ಮೆಕ್ಯಾನಿಕ್ ಕಾಕ.

"ಶೆಡ್ಡಿನಲ್ಲಿ ನಿಂತ ಗಾಡಿ ಸತ್ಯ ಹೇಳುವುದಿಲ್ಲ ಮೋನೇ, ಘಾಟಿ ಹತ್ತಿಸು" ಎಂದರು ಕಾಕ. ಹೊಗೆ ಯಾವ ಬಣ್ಣ ಎನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ ಎಂಬುದೇ ಅವರಿಗೆ ಮುಖ್ಯ. ಹಾಗಾಗಿ ಮಳೆ ಮುಗಿದ ಮೇಲೆ ಒಂದು ಮುಂಜಾನೆ, ಸುಬ್‌ಹ್ ನಮಾಝ್ ಮುಗಿಸಿ ಹೊರಟೆವು. ಭಾವ ಚಾಲಕ, ಪಕ್ಕದಲ್ಲಿ ಕಾಕ. ಹಿಂದಿನ ಗಾಜಿನಿಂದ ಹೊಗೆ ನೋಡುವ ಕೆಲಸ ನನ್ನದು.

ಏರಿನ ಮೊದಲರ್ಧದಲ್ಲಿ ಹೊಗೆಯೇ ಇರಲಿಲ್ಲ. ಕಾಕ ತಲೆಯಾಡಿಸಿದರು. ಪಿಸ್ಟನ್ ರಿಂಗ್ ಸವೆದಿದ್ದರೆ ಭಾರ ಎಳೆಯುವಾಗ ಆಯಿಲ್ ಮೇಲೆ ಬಂದು ಉರಿದು, ನೀಲಿ ಹೊಗೆ ಎಡೆಬಿಡದೆ ಬರಬೇಕಿತ್ತು. ಮೇಲೇರಿದಂತೆ ಮಾತ್ರ ತೆಳುವಾದ ಕಪ್ಪು ಹೊಗೆ ಕಾಣಿಸಿತು. ಗಾಡಿಯ ಎಳೆತವೂ ಸ್ವಲ್ಪ ಕುಗ್ಗಿತು.

ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಸಮುದ್ರ ಮಟ್ಟದಿಂದ 1000 ಮೀಟರ್ ಏರಿದರೆ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಹೊಸ ಕಾರಿನ ಕಂಪ್ಯೂಟರ್ ಇದನ್ನು ಅರಿತು ಪೆಟ್ರೋಲ್ ಕಡಿಮೆ ಮಾಡುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ಕರಾವಳಿಯಲ್ಲಿ ಹೊಂದಿಸಿದ ಜೆಟ್ ಬೆಟ್ಟದ ಮೇಲೂ ಅದೇ.

ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದೆವು. ಅಲ್ಲಿನ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ, ನಾವೂ ಆ ಸಂಪ್ರದಾಯ ಮುರಿಯಲಿಲ್ಲ. ಅಷ್ಟರಲ್ಲಿ ಕಾಕ ಬಾನೆಟ್ ಎತ್ತಿ ಏರ್ ಫಿಲ್ಟರ್ ಬಿಚ್ಚಿದ್ದರು. ಧೂಳು ಕಟ್ಟಿ ಗೋಣಿಚೀಲದಂತಾಗಿತ್ತು. ಚೋಕ್ ಕೇಬಲ್ ಕೂಡ ಪೂರ್ತಿ ಹಿಂದಕ್ಕೆ ಸರಿಯದೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಕಪ್ಪಿಗೆ ಕಾರಣ ಸಿಕ್ಕಿತು.

ತಿಂಡಿ ಮುಗಿಸಿ ಸ್ಟಾರ್ಟ್ ಮಾಡಿದಾಗ ಪೈಪಿನಿಂದ ಬಿಳಿ ಹೊಗೆ! ಭಾವನ ಮುಖ ಬಾಡಿತು. ಕಾಕ ನಕ್ಕರು. ಮಂಜು ಮುಸುಕಿದ ಚಳಿಯಲ್ಲಿ ನಮ್ಮ ಬಾಯಿಂದಲೂ ಹಬೆ ಬರುತ್ತಿತ್ತಲ್ಲ! ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್‌ನಷ್ಟೇ ನೀರು ಹಬೆಯಾಗಿ ಹೊರಬರುತ್ತದೆ. ತಣ್ಣಗಿನ ಪೈಪಿನಲ್ಲಿ ಅದು ಬೆಳ್ಳಗೆ ಕಾಣುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಇಳಿಯುತ್ತಿದ್ದರೆ, ಆಯಿಲ್ ಹಾಕುವ ಮುಚ್ಚಳದಡಿ ಹಾಲಿನ ಕೆನೆಯಂಥದ್ದು ಕಟ್ಟಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ನಮ್ಮಲ್ಲಿ ಹಬೆ ಬೇಗನೆ ಮಾಯವಾಯಿತು. (ನೀರು ನೋಡಲೆಂದು ಬಿಸಿ ರೇಡಿಯೇಟರಿನ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ತಣಿಯುವವರೆಗೆ ಅದನ್ನು ಮುಟ್ಟಬಾರದು.)

ನಿಜವಾದ ತೀರ್ಪು ಬಂದದ್ದು ಇಳಿಯುವಾಗ. ಕಾಕ ಹೇಳಿದಂತೆ ಭಾವ ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲೆತ್ತಿ ಗಾಡಿಯನ್ನು ಎಂಜಿನ್ ಬಿಗಿಯಲ್ಲೇ ಇಳಿಸಿದರು. ಕೆಳಗೆ ರಸ್ತೆ ಸಮತಟ್ಟಾದೊಡನೆ "ಈಗ ಒತ್ತು" ಎಂದರು ಕಾಕ. ಗಾಜಿನ ಹಿಂದೆ ಭುಸ್ಸೆಂದು ನೀಲಿ ಮೋಡ ಎದ್ದಿತು. ಕೆಲವೇ ಕ್ಷಣ, ಮತ್ತೆ ಎಲ್ಲ ಶುಭ್ರ.

ಕಾಲೆತ್ತಿ ಇಳಿಯುವಾಗ ಗಾಳಿಯ ದಾರಿ ಮುಚ್ಚಿ ಮ್ಯಾನಿಫೋಲ್ಡಿನಲ್ಲಿ ಜೋರಾದ ಹೀರುವಿಕೆ ಉಂಟಾಗುತ್ತದೆ. ಸವೆದ ವಾಲ್ವ್ ಸೀಲ್ ಮತ್ತು ಗೈಡ್‌ಗಳ ಸಂದಿನಿಂದ ಆಯಿಲ್ ಒಳಕ್ಕಿಳಿದು ಸಂಗ್ರಹವಾಗುತ್ತದೆ. ಕಾಲು ಒತ್ತಿದಾಗ ಅದೆಲ್ಲ ಒಮ್ಮೆಗೇ ಉರಿಯುತ್ತದೆ.

ಆದರೂ ಕಾಕ ಅಷ್ಟಕ್ಕೇ ಬಿಡಲಿಲ್ಲ. ಊರಿಗೆ ಬಂದು ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆದರು. ನಾಲ್ಕೂ ಹೆಚ್ಚುಕಡಿಮೆ ಸಮ. ಯಾವುದಾದರೂ ಕಡಿಮೆ ತೋರಿಸಿದ್ದರೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಿದ್ದರಂತೆ. ಆಗ ಮುಳ್ಳು ಏರಿದರೆ ತಪ್ಪು ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು.

ಎಂಜಿನ್ ಇಳಿಸಬೇಕಾಗಿಲ್ಲ, ಹೆಡ್ ಬಿಚ್ಚಿದರೆ ಸಾಕು ಎಂದಾಯಿತು. ಪರೀಕ್ಷೆಗೆ ಕಾಕ ಹಣ ಮುಟ್ಟಲಿಲ್ಲ, ಸೀಲ್ ಹಾಕಿದ ಕೂಲಿ ಮಾತ್ರ ಪಡೆದರು. ಹೋಗುವಾಗ ಅಕ್ಕನನ್ನು ಕರೆದು ಒಂದು ಮಾತು ಹೇಳಿದರು: "ಸೈಲೆನ್ಸರಿನಲ್ಲೂ ಒಂದು ತೂತಿದೆ, ಅದನ್ನು ಮುಚ್ಚಿಸುವವರೆಗೆ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ. ಗಾಡಿಯೊಳಕ್ಕೆ ನುಗ್ಗುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ." ಮರುದಿನವೇ ಅಕ್ಕ ಭಾವನನ್ನು ವೆಲ್ಡಿಂಗ್ ಅಂಗಡಿಗೆ ಅಟ್ಟಿದರು.