ಬೇಲಿಯ ಹಾಲು

ನಮ್ಮ ಸೂಳಗಿರಿಯ ಹಳೆಯ ಮನೆಗಳಲ್ಲಿ ಬೇಲಿಯೆಂದರೆ ಕಳ್ಳಿಯ ಬೇಲಿಯೇ. ಶೂಲದ ಮೊನೆಗಳಂತೆ ತಲೆಯೆತ್ತಿ ನಿಂತ ಬೆಟ್ಟದ ಬುಡದ ಊರು. ಮಳೆ ಕಡಿಮೆ, ಆಡುಕುರಿಗಳ ಬಾಯಿ ಹೆಚ್ಚು. ಆದುದರಿಂದ ಹಿರಿಯರು ಹಿತ್ತಿಲ ಸುತ್ತ ಎಲೆಯಿಲ್ಲದ, ಪೆನ್ಸಿಲಿನ ದಪ್ಪದ ಹಸಿರು ಕಡ್ಡಿಗಳ ಕಳ್ಳಿಯನ್ನು ನೆಟ್ಟರು. ಅದಕ್ಕೆ ನೀರು ಬೇಡ, ಗೊಬ್ಬರ ಬೇಡ. ಮುರಿದರೆ ಬಿಳಿಯ ಹಾಲು ಸುರಿಯುವುದರಿಂದ ಆಡೂ ಅದನ್ನು ಮುಟ್ಟುವುದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ, ಬೇಲಿಯ ಬಳಿ ಆಡುವ ಮಕ್ಕಳನ್ನು ಅತ್ತೆಯವರು, “ಹಾಲು ಕಣ್ಣಿಗೆ ಬಿದ್ದೀತು, ಈಚೆ ಬನ್ನಿ” ಎಂದು ಗದರುತ್ತಿದ್ದರು. ಮಕ್ಕಳಿಗೆ ಹೇಳಿದ ಈ ಮಾತನ್ನು ಬೇಲಿ ಕತ್ತರಿಸಲು ಬರುವವನಿಗೆ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ಆಗ ಬರುತ್ತಿದ್ದವರು ಒಬ್ಬ ಮುದುಕರು. ಮಕ್ಕಳೆಲ್ಲ ಅವರನ್ನು ಬೇಲಿ ತಾತ ಎನ್ನುತ್ತಿದ್ದರು. ಉದ್ದ ಹಿಡಿಯ ಕತ್ತರಿಯಿಂದ ನಿಧಾನವಾಗಿ, ಗಾಳಿಗೆ ಬೆನ್ನು ಮಾಡಿ, ಮುಖವನ್ನು ಓರೆಯಾಗಿಸಿ ಕತ್ತರಿಸುವುದು ಅವರ ರೀತಿ. ಅದನ್ನು ಮುದುಕರ ಠೀವಿಯೆಂದು ತಿಳಿದು ನಾವು ನಗುತ್ತಿದ್ದೆವು. ಕತ್ತರಿಯ ಬಾಯಿಂದ ಹಾಲು ತೊಟ್ಟಿಕ್ಕುತ್ತದೆ, ಅಷ್ಟೆ. ಈಗ ಬರುವ ಅವರ ಮೊಮ್ಮಗನ ಕೈಯಲ್ಲಿರುವುದು ಮೋಟಾರು ಕತ್ತರಿ. ತಾತನಿಗೆ ಎರಡು ದಿನ ಹಿಡಿಯುತ್ತಿದ್ದ ಕೆಲಸ ಅದರಿಂದ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಅದರ ಹಲ್ಲುಗಳು ಕಳ್ಳಿಯ ಹಾಲನ್ನು ತುಂತುರಾಗಿ ಎರಚುತ್ತವೆ. ಸದ್ದಂತೂ ಎಷ್ಟೆಂದರೆ, ಎದುರಿಗೆ ನಿಂತು ಕೂಗಿದರೂ ಹುಡುಗನಿಗೆ ಕೇಳಿಸದು. ದಿನಕ್ಕೆ ಎಂಟು ಗಂಟೆ ದುಡಿಯುವವನ ಕಿವಿಗೆ 85 ಡೆಸಿಬೆಲ್ ದಾಟಿದರೆ ಅಪಾಯವೆನ್ನುತ್ತಾರೆ. ಪೆಟ್ರೋಲಿನ ಯಂತ್ರಗಳು ಸಾಮಾನ್ಯವಾಗಿ ಅದನ್ನು ಮೀರುತ್ತವೆ. ಸಂಜೆ ಲೋಟ ಹಿಡಿದರೆ ಬೆರಳುಗಳು ಜೋಮು ಹಿಡಿದಂತಿರುತ್ತವೆ ಎಂದು ಆತನೇ ಒಮ್ಮೆ ಹೇಳಿದ್ದ. ಕಾಫಿ ಬಿಸಿಯಾಗಿದೆಯೋ ಏನೋ ಎಂದುಕೊಂಡು ನಾನು ಸುಮ್ಮನಾಗಿದ್ದೆ.

ಹೋದ ವರ್ಷ ನಮ್ಮ ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಬೇಲಿಯನ್ನು ಒಪ್ಪ ಮಾಡಲು ಅವನನ್ನು ಕರೆಸಿದೆವು. ಆತ ಕಣ್ಣಿಗೆ ಪ್ಲಾಸ್ಟಿಕ್ಕಿನ ಕನ್ನಡಕ ಹಾಕಿಕೊಂಡೇ ಬಂದಿದ್ದ. ಬಿಸಿಲು ಏರಿದಂತೆ ಬೆವರಿನ ಹಬೆ ಅದಕ್ಕೆ ಕವಿಯುತ್ತಿತ್ತು; ಹತ್ತು ಹೆಜ್ಜೆಗೊಮ್ಮೆ ಯಂತ್ರ ನಿಲ್ಲಿಸಿ ಒರೆಸಿಕೊಳ್ಳುತ್ತಿದ್ದ. ನಾನು ಹೊರಗೆ ಬಂದು, “ಕನ್ನಡಕ ಒರೆಸುವುದರಲ್ಲೇ ಹೊತ್ತು ಹೋಯಿತಲ್ಲಪ್ಪಾ, ಹನ್ನೊಂದಕ್ಕೆ ಶಾಮಿಯಾನದವರು ಬರುತ್ತಾರೆ” ಎಂದೆ. “ಆಯ್ತಮ್ಮಾ” ಎಂದು ಆತ ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡ.

ಕಾಲು ಗಂಟೆಯೂ ಆಗಿರಲಿಲ್ಲ. ಯಂತ್ರದ ಸದ್ದು ನಿಂತಿತು. ಹೊರಗೆ ಬಂದು ನೋಡಿದರೆ ಹುಡುಗ ನೆಲಕ್ಕೆ ಕುಳಿತು ತೋಳಿನಿಂದ ಬಲಗಣ್ಣನ್ನು ಉಜ್ಜುತ್ತಿದ್ದ. ಆ ತೋಳಿನ ಬಟ್ಟೆಗೂ ಹಾಲು ಮೆತ್ತಿತ್ತು. ಪಕ್ಕದ ಮನೆಯ ಅಜ್ಜಿ ಹರಳೆಣ್ಣೆ ಬಿಡಿರೆಂದರು; ನಾನು ಬಟ್ಟಲು ಹುಡುಕಲು ಓಡಿದೆ. ಅಂಗಳದಲ್ಲಿ ನಲ್ಲಿಯಿತ್ತು, ತೊಟ್ಟಿಯ ತುಂಬ ನೀರಿತ್ತು. ಎಣ್ಣೆಯ ಗದ್ದಲವೆಲ್ಲ ಮುಗಿದ ಮೇಲೆ ಎರಡು ಬೊಗಸೆ ನೀರು ಚಿಮುಕಿಸಿದೆವು. ಉರಿ ಸ್ವಲ್ಪ ಇಳಿದಂತಾಯಿತೆಂದು ಆತ ಮನೆಗೆ ಹೋದ. ನಾವು ಹೂವು, ಹಣ್ಣು, ತಟ್ಟೆಗಳ ಕೆಲಸಕ್ಕೆ ತೊಡಗಿದೆವು.

ಆ ರಾತ್ರಿ ಆತನಿಗೆ ಕಣ್ಣು ತೆರೆಯಲಾಗಲಿಲ್ಲವಂತೆ. ಬೆಳಿಗ್ಗೆ ಹೊಸೂರಿನ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದರು. ವಿಷಯ ತಿಳಿದು ನಮ್ಮ ಯಜಮಾನರೂ ಹೋದರು. ಕಳ್ಳಿಯ ಹಾಲಿನ ಗುಣವೇ ಹಾಗಂತೆ: ಮೊದಲು ಉರಿ, ಕೆಲವು ಗಂಟೆಗಳ ಮೇಲೆ ನಿಜವಾದ ನೋವು; ಕರಿಗುಡ್ಡೆಯ ಮೇಲಿನ ತೆಳುಪದರ ಸುಲಿದು ದೃಷ್ಟಿ ಮಬ್ಬಾಗುತ್ತದೆ. ಎಣ್ಣೆಯೂ ಬೇಡ, ಎದೆಹಾಲೂ ಬೇಡ. ಬಿದ್ದ ಕ್ಷಣದಲ್ಲೇ ರೆಪ್ಪೆಗಳನ್ನು ಬಿಡಿಸಿ ಹಿಡಿದು ಶುದ್ಧವಾದ ನೀರನ್ನು ಹದಿನೈದು ಇಪ್ಪತ್ತು ನಿಮಿಷ ಸುರಿಯುತ್ತಲೇ ಇರಬೇಕು. ಉರಿ ಇಳಿದರೂ ಅಂದೇ ವೈದ್ಯರಿಗೆ ತೋರಿಸಬೇಕು. ವೈದ್ಯರು ಇಷ್ಟನ್ನು ಹೇಳಿ, ನೀವು ಎಷ್ಟು ಹೊತ್ತು ನೀರು ಹಾಕಿದಿರಿ ಎಂದು ಕೇಳಿದರಂತೆ. ಯಜಮಾನರು ಉತ್ತರ ಕೊಡಲಿಲ್ಲವಂತೆ. ದೈವವಶಾತ್ ಎರಡು ವಾರಗಳಲ್ಲಿ ಕಣ್ಣು ತಿಳಿಯಾಯಿತು.

ಅಂದಿನಿಂದ ಬೇಲಿ ಕತ್ತರಿಸುವವರು ಎಲ್ಲೆಲ್ಲೂ ನನ್ನ ಕಣ್ಣಿಗೆ ಬೀಳುತ್ತಾರೆ. ಹೊಸೂರಿಗೆ ಹೋಗುವ ಹೆದ್ದಾರಿಯ ನಡುಪಟ್ಟಿಯಲ್ಲಿ ಕಣಗಿಲೆ ಬೆಳೆಸಿದ್ದಾರೆ: ಬರಗಾಲ ತಡೆಯುತ್ತದೆ, ದನ ತಿನ್ನುವುದಿಲ್ಲ, ಎದುರು ಗಾಡಿಗಳ ದೀಪದ ಬೆಳಕನ್ನು ಮರೆಮಾಡುತ್ತದೆ. ಅದರ ಎಲೆ, ಕಡ್ಡಿ, ಹೂವು ಎಲ್ಲವೂ ಹೃದಯಕ್ಕೆ ವಿಷ. ಒಣಗಿದ ಮೇಲೂ ವಿಷ. ಕತ್ತರಿಸಿದ ಕಡ್ಡಿಗಳನ್ನು ಸುಟ್ಟರೆ ಆ ಹೊಗೆಯೂ ಒಳ್ಳೆಯದಲ್ಲ, ಒಲೆಗಂತೂ ಒಯ್ಯಲೇಬಾರದು. ಬಸ್ಸಿನ ಕಿಟಕಿಯಿಂದ ನೋಡುತ್ತೇನೆ: ಆ ಗಿಡಗಳ ನಡುವೆ ಬಾಗಿ ನಿಂತ ಹೆಂಗಸರ ಬೆನ್ನಿನ ಎರಡು ಮೊಳದಾಚೆ ಲಾರಿಗಳು ಹಾಯುತ್ತಿರುತ್ತವೆ. ಕೈಗಾರಿಕಾ ವಸಾಹತಿನಲ್ಲಿ ಇನ್ನೊಂದು ದೃಶ್ಯ. 1972ರಿಂದ ದೇಶದಲ್ಲಿ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ದಿನವನ್ನು ಆಚರಿಸುತ್ತಾರೆ. ಅದರ ಬಟ್ಟೆಯ ಫಲಕ ತೂಗುತ್ತಿದ್ದ ಗೇಟೊಂದರ ಕೆಳಗೆ, ಬರಿಗಾಲಿನವನೊಬ್ಬ ಲೋಹದ ಏಣಿ ಹತ್ತಿ, ತಲೆಯ ಮೇಲೆ ಕರೆಂಟಿನ ತಂತಿ ಇದ್ದ ಹಾಗೆಯೇ ಗಿಡ ಸವರುತ್ತಿದ್ದ. ಬಸ್ಸು ಮುಂದೆ ಹೋಯಿತು.

ಕಾರ್ಖಾನೆಯ ಒಳಗಿನವನಿಗೆ ಇ.ಎಸ್.ಐ. ಇದೆ, ಅದು ಗುತ್ತಿಗೆಯ ತೋಟದವನನ್ನೂ ಒಳಗೊಳ್ಳುತ್ತದೆ, ಹೆಸರು ಬರೆಸಿದ್ದರೆ. ಮನೆಮನೆಗೆ ಹೋಗಿ ಬೇಲಿ ಸವರುವವನಿಗೆ ಮನೆಯೊಡತಿಯೇ ಇ.ಎಸ್.ಐ. ಔಷಧಿಯ ಹಣವನ್ನು ನಾವು ಕೊಟ್ಟೆವು. ಕೆಲಸವಿಲ್ಲದೆ ಕಳೆದ ಎರಡು ವಾರಗಳ ಕೂಲಿಯ ಮಾತನ್ನು ಆತ ಎತ್ತಲಿಲ್ಲ. ನಾನೇ ಲೆಕ್ಕ ಹಾಕಿ ಕೊಂಡೊಯ್ದೆ. ಆತನ ತಾಯಿ ಹಣ ತೆಗೆದುಕೊಳ್ಳಲು ಸಂಕೋಚಪಟ್ಟು, “ನಿಮ್ಮ ತಪ್ಪೇನಿದೆ ಅಮ್ಮಾ, ಇವನೇ ಕನ್ನಡಕ ತೆಗೆದಿದ್ದನಂತೆ” ಎಂದರು. ಹುಡುಗ ಗೋಡೆಯ ಕಡೆ ನೋಡುತ್ತಿದ್ದ. ನಾನು ಆಡಿದ ಮಾತನ್ನು ಆತ ಮನೆಯಲ್ಲಿ ಹೇಳಿಯೇ ಇರಲಿಲ್ಲ. ತೆಗೆಸಿದವಳು ನಾನೇ ಎಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಣವನ್ನು ಎಣಿಸದೆ ಸೆರಗಿಗೆ ಕಟ್ಟಿಕೊಂಡರು.

ಈ ಸಲ ಆತ ಬಂದದ್ದು ಬೆಳಗಿನ ಆರೂವರೆಗೆ, ಬೆವರು ಬರುವ ಮುನ್ನ. ಮಗ ಬೆಂಗಳೂರಿನಿಂದ ತಂದ ಹಬೆ ಕವಿಯದ ಕನ್ನಡಕವನ್ನೂ ಕಿವಿಮುಚ್ಚಳವನ್ನೂ ಕೊಟ್ಟೆ. ಬೇಲಿಯ ಬುಡದ ತರಗಿನಲ್ಲಿ ಕೊಳಕುಮಂಡಲ ಮಲಗಿರುವುದುಂಟು. ಅದನ್ನು ಕೈಯಿಂದ ಬಾಚದೆ ಮೊದಲು ಉದ್ದ ಕೋಲಿನಿಂದ ಬಡಿದ. ಯಂತ್ರ ಶುರುವಾಗುವ ಮೊದಲು ನಾನು ಎರಡು ಬಿಂದಿಗೆ ನೀರು, ಒಂದು ಚೊಂಬು ತಂದು ಜಗಲಿಯ ಅಂಚಿನಲ್ಲಿಟ್ಟು, ಕುರ್ಚಿ ಹಾಕಿಕೊಂಡು ಕುಳಿತೆ. ಆತ ಗಾಳಿ ಬರುವ ದಿಕ್ಕನ್ನು ನೋಡಿ, ಅದಕ್ಕೆ ಬೆನ್ನು ಮಾಡಿ, ತಾತನ ಹಾಗೆಯೇ ಮುಖವನ್ನು ಓರೆಯಾಗಿಸಿ ನಿಂತ.