ಬಿಟ್ಟು ಹೋಗೋ ಹಕ್ಕು

ನಮ್ಮ ಕಾಲೇಜುಗಳಲ್ಲಿ ಈಗೊಂದು ಹೊಸ ಪಂಚಾಂಗ ನಡೀತಿದೆ. ಫೆಬ್ರವರಿ 7 ಗುಲಾಬಿ ಕೊಡೋ ದಿನ, 8 ಪ್ರೀತಿ ಹೇಳಿಕೊಳ್ಳೋ ದಿನ, 9 ಚಾಕೊಲೇಟು, 10 ಟೆಡ್ಡಿ ಗೊಂಬೆ, 11 ಆಣೆ ಭಾಷೆ, 12 ಅಪ್ಪುಗೆ, 13 ಮುತ್ತು. 14ಕ್ಕೆ ಪ್ರೇಮಿಗಳ ದಿನ, ಅಂದರೆ ತೇರು. ತೇರಿನ ಮಾರನೇ ದಿನದಿಂದಲೇ ಇಳಿಗಾಲ. 15 ಕೆನ್ನೆಗೆ ಬಾರಿಸೋ ದಿನ, 16 ಒದೆಯೋ ದಿನ, ಹೀಗೇ ಸಾಗಿ 21ಕ್ಕೆ ಬ್ರೇಕಪ್ಪು. ಹದಿನೈದು ದಿನದಲ್ಲಿ ನಾಮಕರಣದಿಂದ ತಿಥಿವರೆಗೆ ಎಲ್ಲಾ ಮುಗೀತು. ಯಾವ ಪುರೋಹಿತನೂ ಇಷ್ಟು ಬೇಗ ಮುಗಿಸೋದಿಲ್ಲ. ರಾಹುಕಾಲ, ಗುಳಿಕಕಾಲವನ್ನ ವೇದಿಕೆ ಮೇಲೆ ನಿಂತು ಬಯ್ಯೋ ನಮ್ಮ ಹುಡುಗರೇ ಈ ಪಂಚಾಂಗದ ಮುಂದೆ ಕೈಕಟ್ಟಿ ನಿಲ್ಲೋದನ್ನ ನೋಡಿದ್ದೇನೆ.

ಇನ್ನು ಗುಲಾಬಿ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಪ್ಲಾಸ್ಟಿಕ್ಕು ಹೊದ್ದ ಪಾಲಿಹೌಸುಗಳಿವೆ. ಅಲ್ಲಿ ಡಿಸೆಂಬರಿನಲ್ಲಿ ಲೆಕ್ಕ ಹಾಕಿ ಗಿಡ ಸವರುತ್ತಾರೆ. ಫೆಬ್ರವರಿಗೆ ಸರಿಯಾಗಿ ಮೊಗ್ಗು ಬರಬೇಕು. ಅಲ್ಲಿ ಬೆಳೆಯೋ ಒಂದು ಕೆಂಪು ತಳಿಯ ಹೆಸರು 'ತಾಜ್ ಮಹಲ್'. ಪ್ರೀತಿಯ ಹೂವಿಗೆ ಗೋರಿಯ ಹೆಸರು. ಇಟ್ಟವನು ತಿಳಿದವನೇ ಇರಬೇಕು. ನಮ್ಮವ್ವ ಅಂಥ ಒಂದು ತೋಟದಲ್ಲಿ ಕೂಲಿ. ಮುಳ್ಳು ತೆಗೆದು, ಕಡ್ಡಿಯ ಉದ್ದ ನೋಡಿ, ಇಪ್ಪತ್ತಕ್ಕೊಂದು ಕಟ್ಟು ಕಟ್ಟುತ್ತಾಳೆ. ಹೂವು ವಿಮಾನ ಹತ್ತುತ್ತೆ, ಅವ್ವ ಟೆಂಪೋ ಹತ್ತುತ್ತಾಳೆ. "ಇಷ್ಟೊಂದು ಮುಳ್ಳು ಸವರಿ ಕೊಟ್ರೂ ವಾರದಾಗೆ ಕಿತ್ತಾಡ್ಕೊಂಡು ಬಿಡ್ತವಂತಲ್ಲಪ್ಪ" ಅಂತ ಒಂದ್ಸಲ ನಕ್ಕಳು.

ಬಿಡೋರು ಬಿಡಲಿ. ಯಾಕೆ ಬಿಡ್ತಾರೆ ಅನ್ನೋದೇ ನನ್ನ ಪ್ರಶ್ನೆ. ಮೇಲಿನ ಕೇರಿಯ ಜೋಡಿ ಬೇರೆಯಾಗೋಕೆ ನೂರೆಂಟು ಕಾರಣ. ಅವನು ಸಿನಿಮಾಕ್ಕೆ ತಡವಾಗಿ ಬಂದ, ಅವಳು ಫೋನ್ ಎತ್ತಲಿಲ್ಲ, ಅವನ ಮೀಸೆ ಚೆನ್ನಾಗಿಲ್ಲ. ನಮ್ಮ ಹಾಸ್ಟೆಲಿನ ಹುಡುಗರಿಗೆ ಒಂದೇ ಕಾರಣ. ಮೊದಲು 'ನಿಮ್ಮೂರು ಯಾವುದು', ಆಮೇಲೆ 'ಊರಲ್ಲಿ ಮನೆ ಯಾವ ಕಡೆ', ಕೊನೆಗೆ 'ನೀನು ತುಂಬಾ ಒಳ್ಳೆಯವನು, ಆದ್ರೆ ನಮ್ಮನೇಲಿ ಒಪ್ಪಲ್ಲ'. ಬಿ.ಎ. ಕೊನೇ ವರ್ಷದಲ್ಲಿ ಈ ಪ್ರಶಸ್ತಿ ನನಗೂ ಬಂತು. ನಿನ್ನ ಕವಿತೆ ಕೆಟ್ಟದಾಗಿದೆ ಅಂತ ಬಿಟ್ಟಿದ್ದರೆ ಖುಷಿಪಡ್ತಿದ್ದೆ. ಕವಿತೆ ತಿದ್ದಬಹುದು. ಹುಟ್ಟಿದ ಕೇರಿಯನ್ನ ಹೇಗೆ ತಿದ್ದಲಿ? ನಮ್ಮ ಹುಡುಗಿಯರ ಪಾಡು ಇನ್ನೂ ಕಷ್ಟ. ಅವರ ಹಿಂದೆ ತಿರುಗೋವಾಗ ಯಾರಿಗೂ ಜಾತಿ ನೆನಪಾಗೋದಿಲ್ಲ, ಮದುವೆ ಅಂದ ತಕ್ಷಣ ನೆನಪಾಗುತ್ತೆ.

ಇಂಥ ಕೈಕೊಡೋ ಕೆಲಸ ಬಾಬಾಸಾಹೇಬರಿಗೂ ಆಗಿದೆ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ, ಅಂದರೆ ಜಾತಿ ಮುರಿಯೋ ಸಂಘ, 1936ರ ತನ್ನ ಸಮ್ಮೇಳನಕ್ಕೆ ಅವರನ್ನ ಅಧ್ಯಕ್ಷರಾಗಿ ಬನ್ನಿ ಅಂತ ಕರೆಯಿತು. ಭಾಷಣ ಓದಿ ನೋಡಿ ಅಂಜಿತು. ಅಲ್ಲಿ ಇಲ್ಲಿ ತೆಗೀರಿ ಅಂತು. ಅವರು ತೆಗೀಲಿಲ್ಲ. ಸಮ್ಮೇಳನವೇ ರದ್ದಾಯಿತು. ಅದೇ ಭಾಷಣವನ್ನ ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಅನ್ನೋ ಮಾತು ಅದರಲ್ಲೇ ಇದೆ.

ಆ ಮದ್ದು ಸಲೀಸಾಗಿ ಸಿಗುತ್ತಾ? 1954ರ ವಿಶೇಷ ವಿವಾಹ ಕಾಯ್ದೆ ಜಾತಿ, ಧರ್ಮ ಕೇಳೋದಿಲ್ಲ, ಒಳ್ಳೇದೇ. ಆದ್ರೆ 30 ದಿನ ಮುಂಚೆ ನೋಟೀಸು ಕೊಡಬೇಕು. ಅದನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸ್ತಾರೆ. ಪ್ರೀತಿಸೋಕೆ ನೋಟೀಸು ಬೇಡ, ಕೈಬಿಡೋಕೂ ಬೇಡ, ಜೊತೆಗೆ ಬಾಳ್ತೀವಿ ಅಂದ್ರೆ ಮಾತ್ರ 30 ದಿನ. ಅಷ್ಟರಲ್ಲಿ ನೆಂಟರು ಮಚ್ಚು ಮಸೆದು ಮುಗಿಸಬಹುದು. ಇಂಥ ಜೋಡಿಗಳಿಗೆ ಪೊಲೀಸರು ರಕ್ಷಣೆ ಕೊಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟು ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. ಆ ಮಾತು ನಮ್ಮ ಠಾಣೆಗಳ ಬಾಗಿಲು ದಾಟಿಸೋ ಕೆಲಸ ನಮ್ಮದು.

ನಾವು ಕೇಳೋದು ದೊಡ್ಡದೇನಲ್ಲ. ನಮಗೂ ಸಣ್ಣಪುಟ್ಟ ಕಾರಣಕ್ಕೆ ಜಗಳ ಆಡಿ ಬೇರೆಯಾಗೋ ಹಕ್ಕು ಬೇಕು. ಗೊರಕೆ ಹೊಡೀತಾನೆ ಅಂತ ಅವಳು ಬಿಡಲಿ, ಮಾತು ಜಾಸ್ತಿ ಅಂತ ಅವನು ಬಿಡಲಿ. ಜಾತಿ ಬಂದು ಬಿಡಿಸೋದು ಬೇಡ. ಗುಲಾಬಿ ಬೇಕಾದ್ರೆ ಕೊಳ್ಳಿ, ಅವ್ವನ ಕೂಲಿ ನಡೀಬೇಕಲ್ಲ. ಆದರೆ ಮೇಷ್ಟ್ರುಗಳೇ, ಗೆಳೆಯರೇ, ಆ ಕಾಯ್ದೆ ಪ್ರಕಾರ ಮದುವೆಗೆ ಮೂವರು ಸಾಕ್ಷಿ ಬೇಕು. ಯಾವುದೋ ಒಂದು ಜೋಡಿ ನಿಮ್ಮ ಊರಲ್ಲೇ ಸಾಕ್ಷಿ ಹುಡುಕ್ತಾ ಅಲೀತಿರಬಹುದು. ಗುರುತಿನ ಚೀಟಿ ಜೇಬಲ್ಲಿಟ್ಟುಕೊಂಡು ಹೋಗಿ, ಸಹಿ ಹಾಕಿ ಬನ್ನಿ.